ಐನೂರು ಅಕ್ಷರದ ದೂರು

ನೀಲವ್ವ ನಗರಸಭೆಗೆ ಆನ್‌ಲೈನ್ ದೂರು ಕೊಡಲು ಸೈಬರ್ ಸೆಂಟರಿಗೆ ಬಂದಳು. ಅಂಗಡಿಯ ಮೆಹಬೂಬ ‘ಇಪ್ಪತ್ತು ದಿನದಿಂದ ನಳದಲ್ಲಿ ನೀರಿಲ್ಲ’ ಎಂದು ಟೈಪು ಮಾಡಿ ಬಟನ್ ಒತ್ತಿದ. ದೂರು ಹೋಗಲಿಲ್ಲ.

“ಸರಿಯಾಗಿ ಐನೂರು ಅಕ್ಷರ ಇರಬೇಕಂತ ಅವ್ವಾ. ಕಡಿಮಿ ಆದ್ರೂ ತಗೊಳಂಗಿಲ್ಲ, ಹೆಚ್ಚಾದ್ರೂ ತಗೊಳಂಗಿಲ್ಲ. ಇನ್ನೂ ಏನರ ಹೇಳ್ರಿ.”

“ನೀರಿಲ್ಲ ಅನ್ನಾಕ ಐನೂರು ಅಕ್ಷರ ಎಲ್ಲಿಂದ ತರ್ಲೋ?”

ಆದರೂ ಹೇಳಿದಳು. ನೀರಿಗೆಂದು ಪಕ್ಕದ ಓಣಿಗೆ ಹೋದದ್ದು, ಮೂವತ್ತು ವರ್ಷದಿಂದ ಮಾತು ಬಿಟ್ಟಿದ್ದ ತಂಗಿ ಅಲ್ಲಿ ಎದುರಾದದ್ದು, ಅವಳು ಕೊಡ ಕೆಳಗಿಟ್ಟು ತನ್ನ ಕೈ ಹಿಡಿದದ್ದು. ಮೆಹಬೂಬ ಎಲ್ಲವನ್ನೂ ಟೈಪು ಮಾಡಿದ. ‘ಅಕ್ಕಾ, ಅವತ್ತ ನಾ ಮದುವಿ ಚಪ್ಪರದಿಂದ ಯಾಕ ಓಡಿಹೋದೆ ಅಂದ್ರ’ ಎಂಬಲ್ಲಿಗೆ ಐನೂರು ಅಕ್ಷರ ತುಂಬಿತು. ಬಟನ್ ಒತ್ತಿದ. ದೂರು ಹೋಯಿತು.

ಮರುದಿನ ಬೆಳಿಗ್ಗೆಯೇ ನಗರಸಭೆಯ ಎಂಜಿನಿಯರ್ ಬಂದ. ಹಿಂದೆ ಜೀಪಿನಲ್ಲಿ ಕಚೇರಿಯ ಏಳು ಮಂದಿ ಬಂದಿಳಿದರು. ನೀಲವ್ವ ಒಣಗಿದ ನಳ ತೋರಿಸಿದಳು. ಯಾರೂ ಅತ್ತ ನೋಡಲಿಲ್ಲ.

“ಅದನ್ನ ಆಮ್ಯಾಲೆ ನೋಡೋಣ್ರಿ,” ಎಂದು ಎಂಜಿನಿಯರ್ ಕಟ್ಟೆಯ ಮೇಲೆ ಕೂತ. “ನಿಮ್ಮ ತಂಗಿ ಯಾಕ ಓಡಿಹೋಗಿದ್ರು?”