ಮೂರನೇ ತಿಂಗಳ ಕರೆ

ಕೇಂದ್ರದ ಫೋನು ಬಂದದ್ದು ಪಕ್ಕದ ಮನೆಯ ಕಸ್ತೂರಮ್ಮನ ಮೊಬೈಲಿಗಲ್ಲ, ರುದ್ರಾಣಿಯ ಗಂಡನ ಮೊಬೈಲಿಗೆ. ಅಂಗಳದಲ್ಲಿ ಹರಡಿದ್ದ ಮೆಕ್ಕೆಜೋಳವನ್ನು ಕಾಲಿನಿಂದ ತಿರುವುತ್ತಿದ್ದ ರುದ್ರಾಣಿ, ಗಂಡ ಪ್ರವೀಣ್ ಕುಮಾರ್ ನಗುತ್ತ "ನಮಸ್ಕಾರ ರೀ, ಹೇಮಾವತಿ ಮೇಡಂ" ಎಂದದ್ದು ಕೇಳಿ ಕಾಳಿನ ನಡುವೆಯೇ ನಿಂತುಬಿಟ್ಟಳು.

ಮೂರು ತಿಂಗಳ ಹಿಂದೆ ಮಹಿಳಾ ಸಹಾಯ ಕೇಂದ್ರದಲ್ಲಿ, ಇನ್ನು ಕೈ ಎತ್ತುವುದಿಲ್ಲವೆಂದು ಅವನಿಂದ ಮುಚ್ಚಳಿಕೆ ಬರೆಸಿಕೊಂಡ ಮೇಡಂ, ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಮೂರು ತಿಂಗಳಿಗೆ ಫೋನ್ ಮಾಡಿ ವಿಚಾರಿಸ್ತೀನಿ. ಮತ್ತೆ ಹೊಡೆದಿದ್ರೆ ಹ್ಞೂಂ ಅನ್ನು ಸಾಕು, ಜೀಪ್ ಕಳಿಸ್ತೀನಿ." ಅವಳ ಮೊಬೈಲನ್ನು ಅವನು ಆಗಲೇ ಒಗೆಯುವ ಕಲ್ಲಿಗೆ ಬಡಿದು ಒಡೆದಿದ್ದ. ಹಾಗಾಗಿ ಫಾರಂನಲ್ಲಿ ಪಕ್ಕದ ಮನೆಯ ಕಸ್ತೂರಮ್ಮನ ನಂಬರು ಬರೆಸಿದ್ದಳು. ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ನಾಲ್ಕು ದಿನದಿಂದ ಆ ಮನೆಯ ಬಾಗಿಲು ತುಳಿದಿದ್ದಳು. ಎಲ್ಲ ಗೊತ್ತಿದ್ದ ಕಸ್ತೂರಮ್ಮ, "ದಿನಾ ಹೆಪ್ಪು ಒಯ್ತೀಯಲ್ಲೇ, ನಿಮ್ಮನೆಯಾಗೆ ಎಮ್ಮೆನೇ ಇಲ್ಲ. ಫೋನ್ ಬಂದ್ರೆ ನಾನೇ ಓಡಿ ಬರ್ತೀನಿ, ಹೋಗು" ಎಂದಿದ್ದಳು.

"ತಗಳೇ, ನಿನ್ನ ಹತ್ರ ಮಾತಾಡ್ಬೇಕಂತೆ." ಪ್ರವೀಣ್ ಕುಮಾರ್ ಸ್ಪೀಕರ್ ಹಾಕಿ ಫೋನನ್ನು ಅವಳ ಮುಖದ ಮುಂದೆ ಹಿಡಿದ. ಕೈಗೆ ಕೊಡಲಿಲ್ಲ.

"ಏನಮ್ಮ ರುದ್ರಾಣಿ, ಆರಾಮಿದೀಯಾ? ಪಕ್ಕದ ಮನೆ ನಂಬರ್ ಕೊಟ್ಟಿದ್ದೆ ನೋಡು, ಅವತ್ತು ನೀನು ಆಚೆ ಹೋದಾಗ ನಿಮ್ಮ ಯಜಮಾನ್ರೇ ಹೇಳಿ ತಮ್ಮ ನಂಬರ್ ಹಾಕ್ಸಿದ್ರು. ಒಳ್ಳೇದೇ ಆತು. ಮನೆ ಮಾತು ಮನೆಯಾಗೇ ಇರ್ತೈತೆ."

ಅವಳು ಬಲಗಿವಿಯನ್ನು ಫೋನಿನ ಕಡೆ ತಿರುಗಿಸಿದಳು. ಎಡಗಿವಿ ಕೇಳಿಸದೆ ಇಪ್ಪತ್ತು ದಿನವಾಗಿತ್ತು.

"ಹೊಡೆಯೋದು ಬಡಿಯೋದು ಏನಾರ ಐತಾ? ಹ್ಞೂಂ, ಇಲ್ಲ, ಎರಡರಾಗೆ ಒಂದು ಹೇಳು."

ಪ್ರವೀಣ್ ಕುಮಾರ್ ಅವಳನ್ನು ನೋಡಲಿಲ್ಲ. ಕಾಳಿಗೆ ಬಂದ ಕೋಳಿಯೊಂದನ್ನು ಕಾಲಿನಿಂದ ಓಡಿಸುತ್ತಿದ್ದ.

"ಇಲ್ರೀ," ಅಂದಳು. ಆಮೇಲೆ, "ಮೇಡಂ, ನಾನೇ ಒಂದ್ಸಲ ಅಲ್ಲಿಗೆ ಬರ್ಲಾ?"

ಕೋಳಿ ಓಡಿಸುವುದು ನಿಂತಿತು.

"ಬಸ್ ಫ್ರೀ ಐತೆ ಅಂತ ಸುಮ್ನೆ ಯಾಕಮ್ಮ ಅಲೀತೀಯ? ಸವಳಂಗದಿಂದ ಬರಾಕೆ ಎರಡು ಬಸ್ ಹತ್ತಬೇಕು. ಫೋನಾಗೇ ಮುಗೀತಲ್ಲ. ನಿನ್ನ ಕೇಸಿಗೆ 'ಸುಖಾಂತ್ಯ' ಅಂತ ಹಾಕ್ದೆ ನೋಡು." ಕಂಪ್ಯೂಟರಿನ ಕೀಲಿ ಒತ್ತಿದ ಸದ್ದು ಕೇಳಿಸಿತು. ಮೇಡಂ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಕೊನೇದು ಒಂದು ಪ್ರಶ್ನೆ ಐತೆ, ಎಲ್ಲರನ್ನೂ ಕೇಳ್ಲೇಬೇಕು. ನಮ್ಮ ಕೇಂದ್ರದಿಂದ ನಿಂಗಾದ ಸಹಾಯಕ್ಕೆ ಐದರಾಗೆ ಎಷ್ಟು ಕೊಡ್ತೀಯ?"

ರುದ್ರಾಣಿ ಗಂಡನ ಮುಖ ನೋಡಿದಳು.

ಪ್ರವೀಣ್ ಕುಮಾರ್ ಎಡಗೈಯಲ್ಲಿ ಫೋನು ಹಿಡಿದೇ ಬಲಗೈ ಎತ್ತಿದ. ಅವಳು ರೂಢಿಯಂತೆ ಕಣ್ಣು ಮುಚ್ಚಿ ತಲೆ ಓರೆ ಮಾಡಿದಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಮುಖದ ಮುಂದೆ ಐದು ಬೆರಳುಗಳು ಅಗಲವಾಗಿ ನಿಂತಿದ್ದವು.

"ಐದು ರೀ," ಅಂದಳು.