ಹುಳು ಜ್ವರಕ್ಕೆ ಕೂತ ಬೆಳಗ್ಗೆ

ಶಿರೀಷಾ ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆ ಹುಳುಗಳ ಮೇಲೆ ಹಾಕುವಷ್ಟರಲ್ಲಿ ಅತ್ತೆ ಲಕ್ಷ್ಮೀನರಸಮ್ಮ ಅವಳ ಕೈ ಹಿಡಿದುಕೊಂಡರು. ಬೆಳಗ್ಗೆ ಕಣ್ಣು ಬಿಟ್ಟಾಗಲೇ ಶಿರೀಷಾಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹುಳುಮನೆಗೆ ಓಡಿ ಬಂದು ನೋಡಿದರೆ ಸೊಪ್ಪು ತಿನ್ನುವ ಸದ್ದೇ ಇಲ್ಲ. ಜಂಗಮಕೋಟೆಗೆ ಸೊಸೆಯಾಗಿ ಬಂದು, ಒಬ್ಬಳೇ ನೋಡಿಕೊಳ್ಳುತ್ತೇನೆಂದು ಹಟ ಹಿಡಿದು ಸಾಕಿದ ಮೊದಲ ಬೆಳೆ ಅದು.

“ಅಲ್ಲಾಡ್ತಾನೇ ಇಲ್ಲ ಅತ್ತಮ್ಮ. ಎಲ್ಲಾ ಸತ್ತೋದ್ವು.”

“ಸತ್ತಿಲ್ಲ ಕಣಮ್ಮ, ತಲೆ ಎತ್ಕೊಂಡು ಕೂತಿಲ್ವ ನೋಡು. ಜ್ವರಕ್ಕೆ ಕೂತವೆ. ಪೊರೆ ಬಿಡೋಗಂಟ ಮುಟ್ಟಬಾರ್ದು. ಈಗ ಸೊಪ್ಪು ಹಾಕಿದ್ರೇನೇ ಬೆಳೆ ಕೆಡೋದು.”

ಶಿರೀಷಾ ಸೊಪ್ಪನ್ನು ಬುಟ್ಟಿಗೆ ಹಾಕಿದಳು.

“ಹುಳಕ್ಕೆ ಏನೂ ಆಗಿಲ್ಲ ಅಂತ ಗೊತ್ತಾದ್ಮೇಲೂ ಎದೆ ನಿಲ್ತಿಲ್ಲ. ದಿನಾ ಎದ್ದೇಳ್ತಿದ್ದಂಗೇ ಹಿಂಗೇ. ನನ್ ಕೈಲಾಗಲ್ಲ, ಇನ್ಮೇಲೆ ನೀವೇ ನೋಡ್ಕೊಳ್ಳಿ.”

ಮೂವತ್ತು ವರ್ಷ ಹುಳು ಸಾಕಿ, ಬೆಳೆ ಕೆಟ್ಟವರ ಮನೆಗೆಲ್ಲ ಹೋಗಿ ಧೈರ್ಯ ಹೇಳಿ ಬರುವ ಲಕ್ಷ್ಮೀನರಸಮ್ಮ ಸೊಸೆಯ ಅಂಗೈಯನ್ನು ತಮ್ಮ ಎದೆಯ ಮೇಲೆ ಒತ್ತಿ ಹಿಡಿದರು. ಅದೂ ಅಷ್ಟೇ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

“ನಂಗೂ ದಿನಾ ಹಿಂಗೇ. ಬಿಸಿಲು ಹೊಸ್ತಿಲಿಗೆ ಬರೋ ಹೊತ್ಗೆ ಇಳೀತದೆ,” ಎಂದರು. “ಅಲ್ಲೀಗಂಟ ಹಿಂಗೇ ಕೂತ್ಕೊಳಣ.”