ತನ್ನದೇ ದನಿ ಇಲ್ಲದ್ದು

ಬೀಗರು ಬಾಗಿಲು ಎಳೆದುಕೊಂಡು ಹಿಡಿಯನ್ನು ಬಲವಾಗಿ ತಿರುಗಿಸಿದರು. ಚೌಕಟ್ಟಿನ ಸುತ್ತ ಅಂಟಿಸಿದ್ದ ರಬ್ಬರು ಬಾಗಿಲನ್ನು ಕಚ್ಚಿ ಹಿಡಿಯಿತು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಸ್ಪಂಜು, ನೆಲಕ್ಕೆ ದಪ್ಪ ಜಮಖಾನೆ, ನಟ್ಟನಡುವೆ ಒಂದು ಕುರ್ಚಿ. ಮಗಳನ್ನು ಕೊಟ್ಟ ಮನೆಯವರನ್ನು ಬೀಗರು ಅಂತ ಯಾಕೆ ಕರೆಯುತ್ತಾರೆಂದು ಕಿವಿರಾಯರಿಗೆ ಅವತ್ತು ಅರ್ಥವಾಯಿತು.

"ಕೂತ್ಕೊಳ್ಳಿ. ಇವತ್ತು ನಿಮ್ಮನ್ನ ಬಿಡೋದಿಲ್ಲ," ಎಂದರು ಬೀಗರು.

ಕಿವಿರಾಯರು ಎಂಬುದು ಓದುಗರು ಪ್ರೀತಿಯಿಂದ ಇಟ್ಟ ಹೆಸರು. ಸಂಗೀತ ಕೇಳುವ ದುಬಾರಿ ಯಂತ್ರಗಳ ಗುಣದೋಷ ಬರೆಯುವುದು ಅವರ ಕಸುಬು. ಅವರು ಮೆಚ್ಚಿದ್ದು ಮನೆಮನೆ ಸೇರುತ್ತಿತ್ತು, ಮೂಗು ಮುರಿದದ್ದು ಮೂಲೆ ಸೇರುತ್ತಿತ್ತು. ಆ ಕಿವಿ ಈಗ ಸತ್ತುಹೋಗಿತ್ತು. ಕಿವಿಗೆ ಹಾಕುವ ಯಂತ್ರ ಜೇಬಿನಲ್ಲಿ, ಕನ್ನಡಕದ ಡಬ್ಬಿಯೊಳಗೆ ಅಡಗಿ ಕೂತಿತ್ತು. ಎದುರಿಗಿರುವವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಿದ್ದರು; ಯಾರಿಗೂ ಸುಳಿವು ಕೊಟ್ಟಿರಲಿಲ್ಲ. ಮಗಳ ಮಾತಂತೂ ತುಂಬ ಸುಲಭ. ಮದುವೆಯಾದ ಮೇಲೆ ಅವಳು ಎದುರಿಗೆ ಬಂದು ನಿಂತು, ಬಾಯಿ ಅಗಲಿಸಿ, ಬಿಡಿಬಿಡಿಯಾಗಿ ಮಾತಾಡುತ್ತಿದ್ದಳು. ಗಂಡನ ಮನೆಯವರ ಗತ್ತಿರಬೇಕು ಎಂದುಕೊಂಡಿದ್ದರು.

ಹೊಸ ಯಂತ್ರ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. ಬೀಗರ ಹತ್ತಿರ ಯಾವ ನೆಪವೂ ನಡೆಯಲಿಲ್ಲ.

ಬೀಗರು ಒಂದು ಪ್ರೀಆಂಪ್ ಮಾಡಿದ್ದರು. ಹಾಡು ಹೊರಡುವ ಪೆಟ್ಟಿಗೆಗೂ ಸ್ಪೀಕರುಗಳನ್ನು ನಡೆಸುವ ಯಂತ್ರಕ್ಕೂ ನಡುವೆ ಕೂತು, ದನಿಯನ್ನು ಎಳ್ಳಷ್ಟೂ ಕೆಡಿಸದೆ ದಾಟಿಸುವುದು ಅದರ ಕೆಲಸ. ವರ್ಷಗಟ್ಟಲೆ ಅದರ ಬೆನ್ನು ಹತ್ತಿದ್ದರು. ಅಳಿಯ ಇದ್ದ ಕೆಲಸ ಬಿಟ್ಟು ಅಪ್ಪನ ಜೊತೆ ನಿಂತಿದ್ದ. ಕಿವಿರಾಯರು ಹೂಂ ಎಂದರೆ ನಾಳೆಯಿಂದ ತಯಾರಿ ಶುರು. ಕೆಟ್ಟದ್ದಕ್ಕೆ ಹೂಂ ಎಂದರೆ ಮಗಳ ಸಂಸಾರ ಮುಳುಗುತ್ತದೆ. ಕಿವುಡನೆಂದು ಒಪ್ಪಿಕೊಂಡರೆ ತಮ್ಮ ಮಾನ ಹೋಗುತ್ತದೆ, ಅದೂ ಬೀಗರ ಮನೆಯಲ್ಲಿ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಬೀಗರು ಮ್ಯೂಟ್ ಗುಂಡಿ ಒತ್ತಿ ಯಂತ್ರದ ಹಿಂದೆ ಬಗ್ಗಿದರು. ತಂತಿ ಸಿಕ್ಕಿಸುವ ಮೊದಲು ಯಂತ್ರದ ಬಾಯಿ ಕಟ್ಟುವುದು ಈ ಕಸುಬಿನವರ ಕೈಗೆ ಅಂಟಿದ ಅಭ್ಯಾಸ. ಇಲ್ಲದಿದ್ದರೆ ಸ್ಪೀಕರು ಡಬ್ಬೆಂದು ಹಾಳಾಗುತ್ತದೆ. ಕೆಲಸ ಮುಗಿಸಿ ಎದ್ದವರು ಮೂಲೆಯ ದೀಪವನ್ನು ಎಳೆದು ತಂದು ಕಿವಿರಾಯರತ್ತ ತಿರುಗಿಸಿದರು.

"ನಿಮ್ಮ ಮುಖ ನನಗೆ ಚೆನ್ನಾಗಿ ಕಾಣ್ಬೇಕು."

ಕಿವಿರಾಯರು ಕುರ್ಚಿಯಲ್ಲಿ ಹಿಂದೆ ಸರಿದು ಕೂತರು. ಈ ಮನುಷ್ಯನಿಗೆ ಸಂಶಯ ಬಂದಿದೆ. ಒಮ್ಮೆಯೂ ಫೋನು ಮಾಡದೆ ಬರೀ ಮೆಸೇಜು ಕಳಿಸಿ ಕರೆಸಿಕೊಂಡಾಗಲೇ ಎಚ್ಚರವಾಗಬೇಕಿತ್ತು. ಬಾಗಿಲ ಮೇಲಿನ ಕೆಂಪು ಬಲ್ಬನ್ನು ನೋಡಿದರು. ಹೊರಗಿನವರು ಗುಂಡಿ ಒತ್ತಿದರೆ ಅದು ಉರಿಯುತ್ತದಂತೆ. ಹಾಡು ಕೇಳುವಾಗ ಕರೆಗಂಟೆ ಕಿರುಚಬಾರದಲ್ಲ ಎಂದಿದ್ದರು ಬೀಗರು. ಊಟದ ಮನೆಯಲ್ಲೂ ಅಂಥದೇ ಒಂದು ಬಲ್ಬಿತ್ತು. ಈಗ ಈ ಬಾಗಿಲಿನದು ಉರಿದು, ಯಾರಾದರೂ ಬಂದು ತಮ್ಮನ್ನು ಈ ಕುರ್ಚಿಯಿಂದ ಎಬ್ಬಿಸಬಾರದೇ ಎನಿಸಿತು.

ಬಲ್ಬು ಉರಿಯಲಿಲ್ಲ. ಬೀಗರು ಹಾಡು ಹಾಕಿ ಎದುರಿನ ಸ್ಟೂಲಿನಲ್ಲಿ ಕೂತರು. ಪ್ರೀಆಂಪಿಗೆ ಒಳಬರುವ ದನಿಯನ್ನು ಅಳೆಯುವ ಮುಳ್ಳು ಕುಣಿಯತೊಡಗಿತು. ಸರಿ, ಶುರುವಾಗಿದೆ. ಕಿವಿರಾಯರು ಕಣ್ಣು ಅರೆಮುಚ್ಚಿ ಕುರ್ಚಿಯ ಕೈಯನ್ನು ಬೆರಳಿನಿಂದ ಒತ್ತಿ ಹಿಡಿದರು. ಸಣ್ಣ ನಡುಕವಾದರೂ ಸಿಗಬೇಕಿತ್ತು, ಏನೂ ಇಲ್ಲ. ನಡುಕವನ್ನೆಲ್ಲ ನುಂಗುವ ಹಾಳು ಮೆತ್ತೆ ಎಂದು ಮನಸ್ಸಿನಲ್ಲೇ ಬೈದುಕೊಂಡರು. ಗತಿಯಾಗಿ ಉಳಿದದ್ದು ಬೀಗರ ಪಾದ. ಅದು ತಾಳ ಹಾಕುತ್ತಿತ್ತು. ಕಿವಿರಾಯರು ಅದಕ್ಕೆ ಸರಿಯಾಗಿ ತಲೆದೂಗಿದರು. ತಲೆ ನಿಧಾನವಾದರೆ ಪಾದವೂ ನಿಧಾನವಾಗುತ್ತಿತ್ತು. ಇಷ್ಟು ಹೊಂದಿಕೊಂಡು ಹಾಡು ಕೇಳಿದ ಬೀಗರು ಬೇರೆಲ್ಲೂ ಇರಲಾರರು.

ಮುಳ್ಳು ನಿಂತಿತು. ಬೀಗರು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಸರಿದು, ರೆಪ್ಪೆ ಬಡಿಯದೆ ನೋಡಿದರು.

"ಹೇಳಿ. ದಾಕ್ಷಿಣ್ಯ ಬೇಡ."

ಕಿವಿರಾಯರ ಕೈ ಜೇಬಿಗೆ ಹೋಯಿತು. ಡಬ್ಬಿ ತೆಗೆದು ತೋರಿಸಿ, ನನಗೆ ಕೇಳುವುದಿಲ್ಲ ಎಂದುಬಿಟ್ಟರೆ ಮಗಳಾದರೂ ಉಳಿಯುತ್ತಾಳೆ. ಬೆರಳು ಡಬ್ಬಿಯನ್ನು ಮುಟ್ಟಿ ಹಿಂದೆ ಬಂತು. ನಾಲಿಗೆಗೆ ಹಳೆಯ ಅಭ್ಯಾಸವೇ ಒದಗಿತು. ಈ ಕಸುಬಿನಲ್ಲಿ ಎಲ್ಲಕ್ಕಿಂತ ದೊಡ್ಡ ಹೊಗಳಿಕೆ ಒಂದಿದೆ. ಅದನ್ನು ಹೇಳಿದರೆ ಯಾರೂ ಮರುಮಾತಾಡುವುದಿಲ್ಲ.

"ಇದಕ್ಕೆ ತನ್ನದು ಅಂತ ಒಂದು ದನಿಯೇ ಇಲ್ಲ," ಎಂದರು. "ಏನನ್ನೂ ಸೇರಿಸ್ತಿಲ್ಲ. ಇಂಥ ಮೌನ ನಾನು ಯಾವ ಯಂತ್ರದಲ್ಲೂ ಕೇಳಿಲ್ಲ."

ಬೀಗರ ಕಣ್ಣಲ್ಲಿ ನೀರು ತುಂಬಿತು. "ಸಾಕು. ನೀವು ಕೇಳಿದ್ರೆ ನಾನು ಕೇಳಿದ ಹಾಗೇ."

ಕಿವಿರಾಯರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಬಾಯಿಗೆ ಬಂದ ಒಂದು ಮಾತಿಗೆ ಮಗಳ ಬದುಕನ್ನು ಪಣಕ್ಕೆ ಒಡ್ಡಿಯಾಗಿತ್ತು. ಬೀಗರೋ ಖುಷಿಯಲ್ಲಿ ಮತ್ತೆ ಹಾಡು ಹಾಕಿದರು. ಮುಳ್ಳು ಕುಣಿಯಿತು, ಪಾದ ತಾಳ ಹಾಕಿತು, ತಲೆ ತೂಗಿತು.

ಬಲ್ಬು ಉರಿಯಿತು. ಬೀಗರು ಎದ್ದು ಬಾಗಿಲು ತೆರೆದು, ಬಂದು ಮತ್ತೆ ಪಾದ ಕುಣಿಸುತ್ತ ಕೂತರು. ಮಗಳು ಕಾಫಿ ಹಿಡಿದು ಒಳಗೆ ಬಂದಳು. ಅಪ್ಪನ ತಲೆ ನೋಡಿದಳು. ಮಾವನ ಪಾದ ನೋಡಿದಳು. ಯಂತ್ರದ ಗುಂಡಿ ನೋಡಿದಳು. ತಟ್ಟೆ ಕೆಳಗಿಟ್ಟು, ದೀಪದ ಬೆಳಕಿಗೆ ಬಂದು, ದಿನವೂ ನಿಲ್ಲುವ ಹಾಗೆ ಇಬ್ಬರಿಗೂ ಎದುರಾಗಿ ನಿಂತಳು.

"ಅಪ್ಪಾ, ಮಾವಾ," ಎಂದಳು ಬಿಡಿಬಿಡಿಯಾಗಿ. "ಮ್ಯೂಟ್ ತೆಗೆದೇ ಇಲ್ಲ. ಒಂದು ಚೂರೂ ಕೇಳ್ತಿಲ್ಲ."

ಕಿವಿರಾಯರು ಗಾಬರಿಯಿಂದ ಬೀಗರತ್ತ ತಿರುಗಿದರು. ಬೀಗರ ಕಣ್ಣು ಇನ್ನೂ ಅವಳ ತುಟಿಯ ಮೇಲೇ ಇತ್ತು.